ಸೊಟ್ಟ ಕೊಂಬಿನ ಬಸವನಹುಳು

ಫಾಬ್ರಿಯಾನೊದಲ್ಲಿ ನನ್ನ ಸೋದರಮಾವ ಎವರಿಸ್ತೊ
ನಲವತ್ತೊಂದು ವರ್ಷ ತಂತಿ ಬಗ್ಗಿಸಿದ.
ಬೇರೇನೂ ಮಾಡಲಿಲ್ಲ ಎನ್ನುತ್ತಿದ್ದಳು ಅತ್ತೆ.
ಕೂದಲಿಗಿಂತ ತುಸು ದಪ್ಪನೆಯ ಹಿತ್ತಾಳೆ ತಂತಿ,
ಅದರಲ್ಲೊಂದು ಬಸವನಹುಳು.
ಜರಡಿಯ ಮೇಲಿಟ್ಟು ಹೊಲಿದು,
ಚಿಂದಿಬಟ್ಟೆಯ ಗಂಜಿಯಲ್ಲಿ ಅದ್ದಿ ಎತ್ತಿದರೆ
ತಂತಿ ಇದ್ದಲ್ಲಿ ಕಾಗದ ತೆಳ್ಳಗೆ.
ಅಷ್ಟೇ ವಿದ್ಯೆ.
ಬೆಳಕಿಗೆ ಹಿಡಿದರೆ ಹುಳು ಹೊರಡುತ್ತದೆ,
ಇಳಿಸಿದರೆ ಇಲ್ಲ.

ಜರಡಿಗಳು ಯಾವಾಗಲೂ ಜೋಡಿ:
ಒಬ್ಬ ಕವುಚುವಷ್ಟರಲ್ಲಿ ಇನ್ನೊಬ್ಬ ಅದ್ದಬೇಕು.
ಹಾಗಾಗಿ ಹುಳುಗಳೂ ಅವಳಿ.
ಒಂದರ ಎಡಗೊಂಬು ಸೊಟ್ಟ,
ಹಲ್ಲುನೋವಿನ ದಿನ ಬಗ್ಗಿಸಿದ್ದು. ಮಾವ ತಿದ್ದಲಿಲ್ಲ.
‘ಹುಳುವನ್ನು ಯಾವನಾದರೂ ಕದ್ದಾನು,
ನನ್ನ ಹಲ್ಲುನೋವನ್ನು ಹೇಗೆ ಕದಿಯುತ್ತಾನೆ?’

ಗಿರಣಿ ಮುಚ್ಚುವ ಹಿಂದಿನ ದಿನ
ಅಟ್ಟದ ಹಗ್ಗಗಳ ಮೇಲೆ ಒಣಗುತ್ತಿದ್ದ ಕೊನೆಯ ಹಾಳೆಗಳ
ಚಿತ್ರ ತೆಗೆದವಳು ನಾನು.
ಮೂಲೆಯಲ್ಲಿ ಹೆಸರು ಬರೆದರೆ ಕತ್ತರಿಗೆ ತುತ್ತು,
ನಡುಮಧ್ಯೆ ಅಡ್ಡಡ್ಡ ಬರೆದರೆ ನೋಡುವವರ ಕಣ್ಣಿಗೆ ಮುಳ್ಳು.
ಅದಕ್ಕೇ ಚಿತ್ರವನ್ನು
ಎಂಟಕ್ಕೆ ಎಂಟರ ಚೌಕಗಳಾಗಿ ಹೆಚ್ಚಿದೆ,
ಒಂದೊಂದು ಚೌಕವನ್ನೂ ಅಲೆಅಲೆಯಾಗಿ ಬಿಡಿಸಿದೆ.
ನಿಧಾನದ ಅಲೆ ಮುಟ್ಟಿದರೆ ಕಣ್ಣಿಗೆ ಗೊತ್ತಾಗುತ್ತದೆ.
ಅತಿ ಚುರುಕಿನದನ್ನು
ಚಿತ್ರ ಹಿಂಡಿ ಚಿಕ್ಕದು ಮಾಡುವ ಯಂತ್ರ
ಹೊಟ್ಟೆಂದು ತೂರಿಬಿಡುತ್ತದೆ.
ನಡುವಿನವು ಉಳಿಯುತ್ತವೆ, ಯಾರೂ ಗಮನಿಸದೆ.
(ಮೂವರಲ್ಲಿ ನಡುವಿನವಳು ನಾನು, ನನಗೆ ಗೊತ್ತು.)
ಅಲ್ಲಿ ಚೂರು ಕೂಡಿಸಿದೆ, ಚೂರು ಕಳೆದೆ,
ಒಂದು ಗುಟ್ಟಿನ ಸಂಖ್ಯೆ ಹೇಳಿಕೊಟ್ಟ ಹಾಗೆ.

ಮಾವ ಕನ್ನಡಕ ಏರಿಸಿ ತೆರೆಯನ್ನೇ ನೋಡಿದ.
‘ಎಲ್ಲಿದೆ ನಿನ್ನ ಗುರುತು?’
‘ಎಲ್ಲೆಲ್ಲೂ ಇದೆ.’
‘ಪಾದ್ರಿಯೂ ಹಾಗೇ ಹೇಳುತ್ತಾನೆ.’

ಮೂರು ವರ್ಷದ ಮೇಲೆ ಲಿಯೊನ್‌ನಿಂದ ಒಂದು ಕ್ಯಾಲೆಂಡರ್ ಬಂತು,
ಬಚ್ಚಲುಮನೆಯ ಹೆಂಚು ಮಾರುವ ಕಂಪನಿಯದು.
ನವೆಂಬರಿನ ತಲೆಯ ಮೇಲೆ ನನ್ನ ಅಟ್ಟ!
ಬಣ್ಣ ಇಳಿಸಿ ಕಂದು ಮಾಡಿದ್ದರು,
ಅಂಚು ಕೊಯ್ದಿದ್ದರು,
ಹಗ್ಗ ನೆಟ್ಟಗೆ ಕಾಣಲೆಂದು ತುಸು ವಾಲಿಸಿದ್ದರು.
ಆ ವಾಲುವಿಕೆಯೇ ನನ್ನನ್ನು ರಾತ್ರಿಯಿಡೀ ಕೂರಿಸಿತು.
ಡಿಗ್ರಿಯ ಹತ್ತನೇ ಒಂದರಷ್ಟು ತಿರುಗಿಸು, ಕೇಳು.
ಮತ್ತಷ್ಟು ತಿರುಗಿಸು, ಕೇಳು.
ಗೀಟು ಮಲಗಿಯೇ ಇತ್ತು.
ಬ್ರೆಡ್ಡಿನ ಲಾರಿ ಬೀದಿಗೆ ಬರುವ ಹೊತ್ತು,
ಒಂದು ಪಾಯಿಂಟ್ ಎಂಟರಲ್ಲಿ,
ಒಡೆಯನ ಸಿಳ್ಳೆಗೆ ನಿದ್ದೆಯ ನಾಯಿ ಕಿವಿ ನಿಮಿರಿಸಿದ ಹಾಗೆ
ಎದ್ದು ನಿಂತಿತು.

ಓಡಿಹೋಗಿ ಮಾವನನ್ನು ಎಬ್ಬಿಸಿದೆ.
ಅವನು ಚಿತ್ರ ನೋಡಲೇ ಇಲ್ಲ.
ನವೆಂಬರನ್ನು ಕಿತ್ತು ಕಿಟಕಿಗೆ ಹಿಡಿದ,
ಹಿಂದೆ ನೋಡಿದ, ಮುಂದೆ ನೋಡಿದ.
‘ಈ ಕಾಗದಕ್ಕೆ ಅಪ್ಪನೇ ಇಲ್ಲ’ ಎಂದ.
ಅವನ ಪಾಲಿಗೆ ಮೊಕದ್ದಮೆ ಅಲ್ಲಿಗೇ ಮುಗಿಯಿತು.

ನನ್ನದು ಹದಿನಾಲ್ಕು ತಿಂಗಳು ನಡೆಯಿತು.
ವಕೀಲೆ ತ್ರಾಂಕ್ವಿಲ್ಲಿಗೆ ಆ ಮೀನುಮುಳ್ಳಿನಂಥ ನಕ್ಷೆ ಅರ್ಥವಾಗಲಿಲ್ಲ,
ಆದರೂ ಅದನ್ನು ಬೀಸಿ ಬೀಸಿ ಮಾತಾಡಿದಳು.
ಕೊನೆಗೆ ಕ್ಷಮೆಯ ಪತ್ರ, ಒಂಬೈನೂರು ಯೂರೊ.
ಮುನ್ನೂರು ಅವಳಿಗೆ. ಹಲ್ಲಿನ ಡಾಕ್ಟರಿಗೆ ಉಳಿದದ್ದು
(ಈ ಸಲ ನೋವು ನನ್ನದು).

ಮೊನ್ನೆ ಸಂಜೆ, ಜ್ಯಾನೊ ಹೊಳೆಯ ಸೇತುವೆ ದಾಟುವಾಗ
ಮಾವ ತಟ್ಟನೆ ನಿಂತ.
‘ನನ್ನ ಹುಳುವಿಗೆ ಒಂದು ಕಿಟಕಿ ಸಾಕು.
ನಿನ್ನದನ್ನು, ನೀನು ಹೋದಮೇಲೆ, ಯಾರು ಓದುತ್ತಾರೆ?’
ಉತ್ತರ ಇರಲಿಲ್ಲ. ಗುಟ್ಟಿನ ಸಂಖ್ಯೆ ಹೇಳಿಬಿಟ್ಟೆ.
ಗಿರಣಿಯ ಹಳೇ ಫೋನ್ ನಂಬರು.
ಸ್ವಲ್ಪ ಹೊತ್ತು ನೀರು ನೋಡಿದ.
‘ಕೊನೆಯಲ್ಲಿ ಒಂಬತ್ತೋ ಆರೋ?’
‘ಆರು.’
‘ಹೌದು, ಆರು. ನಿನ್ನತ್ತೆ ಮಧ್ಯಾಹ್ನ ಅದಕ್ಕೇ ಮಾಡುತ್ತಿದ್ದಳು,
ಊಟ ಆರುತ್ತಿದೆ ಅಂತ.’

ಚಿತ್ರ ತೋರಿಸು ಎಂದ. ಫೋನ್ ಕೊಟ್ಟೆ.
ಅಭ್ಯಾಸಬಲದಿಂದ
ಎರಡೂ ಕೈಯಲ್ಲಿ ಎತ್ತಿ ಮುಳುಗುವ ಸೂರ್ಯನಿಗೆ ಹಿಡಿದ.
ಗಾಜು ಕಪ್ಪಾಯಿತು.
‘ಇಲ್ಲಿ ಯಾರದೋ ಹೆಬ್ಬೆಟ್ಟಿದೆ’ ಎಂದ,
ಅಂಗಿಯ ತೋಳು ಎಳೆದುಕೊಂಡು
ಒರೆಸಲೋ ಬೇಡವೋ ಎಂದು ನನ್ನ ಮುಖ ನೋಡಿದ.